ಸಬ್ಸಿಡಿ ಬರುತ್ತೆ ಅಂತ ನಂಬಿ ಡೌನ್ ಪೇಮೆಂಟ್ ಕಡಿಮೆ ಇಟ್ಟುಕೊಂಡು ಮನೆ ಬುಕ್ ಮಾಡಬಹುದಾ?

ಬೇಡ. ದಯವಿಟ್ಟು ಹಾಗೆ ಮಾಡಬೇಡಿ.

ನೀವು ಹೇಳಿರುವುದು ಇಷ್ಟು. ಗಂಡ ಹೆಂಡತಿ ಸೇರಿ ತಿಂಗಳಿಗೆ 68 ಸಾವಿರ ದುಡಿಯುತ್ತೀರಿ, ಬೆಂಗಳೂರಿನ ಅಂಜನಾಪುರದಲ್ಲಿ ಕಟ್ಟುತ್ತಿರುವ 34 ಲಕ್ಷದ ಫ್ಲ್ಯಾಟ್ ನೋಡಿದ್ದೀರಿ, ಕೈಯಲ್ಲಿ 6 ಲಕ್ಷ ಇದೆ. ಸರ್ಕಾರದಿಂದ 2.67 ಲಕ್ಷ ಬರುತ್ತೆ, ಮುಂಗಡದಲ್ಲಿ ಅಷ್ಟು ಕಡಿಮೆ ಕಟ್ಟಿದರೂ ನಡೆಯುತ್ತೆ ಅಂತ ಏಜೆಂಟ್ ಹೇಳಿದ್ದಾರೆ. ನಾನು ಮನೆ ಸಾಲದ ಫೈಲ್ ನೋಡುವ ಕೆಲಸದಲ್ಲಿದ್ದೇನೆ. ಇದೇ ಮಾತು ನಂಬಿ ಟೋಕನ್ (ಬುಕಿಂಗ್ ಹಣ) ಕೊಟ್ಟು, ನೋಂದಣಿ ಹತ್ತಿರ ಬಂದಾಗ ಹೆಂಡತಿಯ ಒಡವೆ ಅಡ ಇಡುವವರನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಮೊದಲಿಗೆ, ಆ 2.67 ಲಕ್ಷ ಹಳೆಯ ಯೋಜನೆಯದು. ಅದು 2022ರ ಮಾರ್ಚ್‌ಗೆ ಮುಗಿದುಹೋಯಿತು. ಈಗ ಇರುವುದು ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರ 2.0, 2024ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು. ಇದರ ಬಡ್ಡಿ ಸಬ್ಸಿಡಿಗೆ ಕುಟುಂಬದ ವರ್ಷದ ಆದಾಯ 9 ಲಕ್ಷದ ಒಳಗಿರಬೇಕು, ನಿಮ್ಮದು 8.16 ಲಕ್ಷ, ಸರಿಹೋಗುತ್ತೆ. ದೇಶದಲ್ಲಿ ಎಲ್ಲೂ ನಿಮ್ಮ ಕುಟುಂಬದ ಹೆಸರಲ್ಲಿ ಪಕ್ಕಾ ಮನೆ ಇರಬಾರದು. ಊರಲ್ಲಿ ಪಾಲಿಗೆ ಬಂದ ಮನೆ ನಿಮ್ಮ ಹೆಸರಿಗಾಗಿದ್ದರೆ ಈಗಲೇ ಯೋಚನೆ ಮಾಡಿ. ಈಗ ಕೊಳ್ಳುವ ಮನೆ ಹೆಂಡತಿ ಹೆಸರಲ್ಲಿ ಅಥವಾ ಇಬ್ಬರ ಹೆಸರಲ್ಲೂ ಇರಲಿ.

ಸಿಗುವುದು ಹೆಚ್ಚೆಂದರೆ 1.80 ಲಕ್ಷ. ಅದೂ ಒಟ್ಟಿಗೆ ಅಲ್ಲ, ವರ್ಷಕ್ಕೊಂದು ಕಂತಿನಂತೆ 5 ಕಂತು, ಅಂದರೆ ಸಲಕ್ಕೆ 36 ಸಾವಿರ. ನಿಮ್ಮ ಕೈಗೂ ಬರಲ್ಲ, ಸಾಲದ ಖಾತೆಗೆ ಹೋಗುತ್ತೆ. ಬಿಲ್ಡರ್‌ಗೆ ಕೊಡಲು ಅದರಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ಪ್ರತಿ ಕಂತು ಬರುವಾಗ ಸಾಲ ಚಾಲ್ತಿಯಲ್ಲಿರಬೇಕು, ಅಸಲಿನ ಅರ್ಧಕ್ಕಿಂತ ಜಾಸ್ತಿ ಬಾಕಿಯೂ ಇರಬೇಕು. ಹಾಗಾಗಿ ಬೋನಸ್ ಬಂತು ಅಂತ ಮೊದಲ ವರ್ಷಗಳಲ್ಲೇ ದೊಡ್ಡ ಮೊತ್ತ ಕಟ್ಟಲು ಅವಸರ ಮಾಡಬೇಡಿ.

ಇನ್ನು ಯಾರೂ ಹೇಳದ ವಿಷಯ. ಈ ಯೋಜನೆಗೆ ಮನೆ ಬೆಲೆ 35 ಲಕ್ಷ ಮೀರಬಾರದು, ಜೊತೆಗೆ ಸಾಲವೂ 25 ಲಕ್ಷ ಮೀರಬಾರದು. 34 ಲಕ್ಷದ ಮನೆಗೆ 25 ಲಕ್ಷವೇ ಸಾಲ ಅಂದರೆ ನೀವು 9 ಲಕ್ಷ ಹಾಕಬೇಕು! ಸಬ್ಸಿಡಿ ಬಿಟ್ಟರೆ, ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ 90% ತನಕ ಕೊಡಬಹುದು, ಅಂದರೆ 30 ಲಕ್ಷ ಸಾಲ, ನಿಮ್ಮದು 4 ಲಕ್ಷ. ಬ್ಯಾಂಕ್ ಇದಕ್ಕಿಂತ ಕಡಿಮೆಯೂ ಕೊಡಬಹುದು, ಅದು ನಿಮ್ಮ ಸಂಬಳ, ಬೇರೆ ಸಾಲಗಳ ಮೇಲೆ ಹೋಗುತ್ತೆ. ಒಟ್ಟಿನಲ್ಲಿ ಈ ಫ್ಲ್ಯಾಟ್‌ಗೆ ಸಬ್ಸಿಡಿ ಬೇಕು ಅಂತ ಹೊರಟರೆ ಮೊದಲ ದಿನದ ಹೊರೆ ಕಡಿಮೆ ಆಗಲ್ಲ, ಜಾಸ್ತಿ ಆಗುತ್ತೆ.

ನೋಂದಣಿ ಖರ್ಚನ್ನೂ ಸೇರಿಸಿ, ಅದಕ್ಕೆ ಬ್ಯಾಂಕ್ ಸಾಲ ಕೊಡಲ್ಲ. ಕರ್ನಾಟಕದಲ್ಲಿ ಬಿಲ್ಡರ್‌ನಿಂದ ಮೊದಲ ಸಲ ನೋಂದಣಿ ಆಗುವ ಫ್ಲ್ಯಾಟ್‌ಗೆ 20ರಿಂದ 45 ಲಕ್ಷದ ನಡುವೆ ಮುದ್ರಾಂಕ ಶುಲ್ಕ 3%. ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ 31ರಿಂದ 2%. ನಿಮ್ಮ ಲೆಕ್ಕದಲ್ಲಿ ಮುದ್ರಾಂಕ 1,02,000, ಸೆಸ್ ಮತ್ತು ಸರ್‌ಚಾರ್ಜ್ 12,240, ನೋಂದಣಿ ಶುಲ್ಕ 68,000, ಒಟ್ಟು 1,82,240. ನೋಡಿ, ಸರ್ಕಾರ 5 ಕಂತಿನಲ್ಲಿ ಕೊಡುವುದಕ್ಕಿಂತ ಜಾಸ್ತಿಯೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಂದೇ ದಿನ ಕಟ್ಟುತ್ತೀರಿ. ಇದೇ ಫ್ಲ್ಯಾಟ್ ಎರಡನೇ ಕೈಯದಾಗಿದ್ದರೆ ಮುದ್ರಾಂಕ 5%, ಒಟ್ಟು 2.58 ಲಕ್ಷ.

ನಿಜವಾಗಿ ಕೈಯಿಂದ ಹೋಗುವ ದುಡ್ಡು ಉಳಿಯುವುದು ಜಿಎಸ್‌ಟಿಯಲ್ಲಿ. ಕಟ್ಟಡ ಇನ್ನೂ ಮುಗಿದಿಲ್ಲ ಅಂದಿರಿ. ಬೆಲೆ 45 ಲಕ್ಷದ ಒಳಗಿದ್ದು, ಕಾರ್ಪೆಟ್ ಏರಿಯಾ (ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ) 60 ಚದರ ಮೀಟರ್, ಅಂದರೆ ಸುಮಾರು 645 ಚದರಡಿ ಒಳಗಿದ್ದರೆ ಬೆಂಗಳೂರಿನಲ್ಲಿ 1%. ಅದು ಮೀರಿದರೆ 5%. ನಿಮಗೆ 34 ಸಾವಿರವೋ 1.70 ಲಕ್ಷವೋ ಅನ್ನುವಷ್ಟು ವ್ಯತ್ಯಾಸ. ಬಿಲ್ಡರ್ ಮೆಟ್ಟಿಲು, ಲಿಫ್ಟ್‌ನಂಥ ಜಾಗದ ಪಾಲೂ ಸೇರಿದ ಸೂಪರ್ ಬಿಲ್ಟ್ ಅಪ್ ಲೆಕ್ಕ ಹೇಳುತ್ತಾರೆ, ನೀವು ಕಾರ್ಪೆಟ್ ಏರಿಯಾನೇ ಬರವಣಿಗೆಯಲ್ಲಿ ಕೇಳಿ. ಒಸಿ (ವಾಸಯೋಗ್ಯ ಪ್ರಮಾಣಪತ್ರ) ಬಂದ ಮೇಲೆ ಮಾರುವ ಫ್ಲ್ಯಾಟ್ ಆದರೆ ಜಿಎಸ್‌ಟಿಯೇ ಇಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ 28 ಲಕ್ಷದ ಸುತ್ತಮುತ್ತ ಹುಡುಕುತ್ತಿದ್ದೆ. ಚಂದಾಪುರ, ಅತ್ತಿಬೆಲೆ, ನೆಲಮಂಗಲ ಕಡೆ ನೋಡಬೇಕಾಗಬಹುದು, ಓಡಾಟ ಜಾಸ್ತಿ, ಅದು ಗೊತ್ತು. ಆದರೆ 25 ಲಕ್ಷ ಸಾಲ, ನಿಮ್ಮದು 3 ಲಕ್ಷ, ನೋಂದಣಿಗೆ ಸುಮಾರು ಒಂದೂವರೆ ಲಕ್ಷ, 1% ಜಿಎಸ್‌ಟಿ 28 ಸಾವಿರ. 5 ಲಕ್ಷದೊಳಗೆ ಮುಗಿಯುತ್ತೆ, ಬ್ಯಾಂಕ್ ಶುಲ್ಕ, ವಕೀಲರು, ಮನೆ ಸಾಮಾನು ಸಾಗಿಸುವುದು ಅಂತ ಮಿಕ್ಕಿದ್ದರಲ್ಲಿ ಉಸಿರಾಡಲು ಜಾಗ ಇರುತ್ತೆ, ಸಬ್ಸಿಡಿಗೂ ಅರ್ಜಿ ಹಾಕಬಹುದು. 8.5% ಬಡ್ಡಿ, 20 ವರ್ಷ ಅಂದುಕೊಂಡರೆ 30 ಲಕ್ಷದ ಸಾಲಕ್ಕಿಂತ ತಿಂಗಳ ಇಎಂಐ ಕೂಡ ಸುಮಾರು 4,300 ಕಡಿಮೆ.

ಪಿಎಫ್‌ನಿಂದ ಮನೆಗೆ ಅಂತ ತೆಗೆದ ದುಡ್ಡು ವಾಪಸ್ ಕಟ್ಟಬೇಕಿಲ್ಲ. ಆದರೂ ಅದು ವಯಸ್ಸಾದ ಮೇಲಿನ ಅನ್ನ, ಕೊರತೆ ಬಿದ್ದಷ್ಟೇ ತೆಗೆಯಿರಿ.

ಈಗ ಮಾಡಬೇಕಾದ್ದು: ಮೊದಲು ಬ್ಯಾಂಕಿನಿಂದ ಎಷ್ಟು ಸಾಲ ಅಂತ ಮಂಜೂರಾತಿ ಪತ್ರ ತೆಗೆದುಕೊಳ್ಳಿ, ಟೋಕನ್ ಆಮೇಲೆ. ಮಾರಾಟದ ಒಪ್ಪಂದ ನೋಂದಣಿ ಮಾಡಿಸದೆ ಬೆಲೆಯ 10%ಗಿಂತ ಜಾಸ್ತಿ ಮುಂಗಡ ಕೇಳುವುದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ತಪ್ಪು. ಸಾಲ ಸಿಗದಿದ್ದರೆ ಟೋಕನ್ ವಾಪಸ್ ಅಂತ ಬರೆಸಿಕೊಳ್ಳಿ. ಸಬ್ಸಿಡಿ ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಅರ್ಜಿಯನ್ನು ಸಾಲ ಕೊಡುವ ಬ್ಯಾಂಕಿನ ಶಾಖೆಯಲ್ಲೇ ಕೇಳಿ.