ಮೀಟರ್‌ನಲ್ಲಿ 97 ಇದ್ದರೂ ಮರೆವು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪಾಜಿಗೆ 72 ವರ್ಷ. ರಿಟೈರ್ಡ್ ಗಣಿತ ಮಾಸ್ತರು. ಈಚೆಗೆ ಹೇಳಿದ್ದನ್ನೇ ಹೇಳುತ್ತಾರೆ. ಮೊನ್ನೆ ಗೋಳಗುಮ್ಮಟದ ಕಡೆ ವಾಕಿಂಗ್ ಹೋದವರಿಗೆ ಮನೆ ದಾರಿ ಗೊತ್ತಾಗದೆ ಯಾರೋ ಕರೆತಂದು ಬಿಟ್ಟರು. ಬಿಪಿ ಇದೆ, ಗುಳಿಗೆ ನೆನಪಾದಾಗ ತಗೋತಾರೆ. ಪರಿಚಯದವರೊಬ್ಬರು "ತಲೆಗೆ ಆಕ್ಸಿಜನ್ ಸಾಲುತ್ತಿಲ್ಲ, ಮಷೀನ್ ತಂದಿಡಿ" ಎನ್ನುತ್ತಾರೆ. ಬೆರಳಿನ ಮೀಟರ್ 97 ತೋರಿಸುತ್ತದೆ. ನಮ್ಮ ಅಜ್ಜಿಗೂ ಹೀಗೇ ಆಗಿತ್ತು. ಜೀನ್ ಟೆಸ್ಟ್ ಮಾಡಿಸಿದರೆ ನನಗೂ ಬರುತ್ತದಾ ಅಂತ ತಿಳಿಯುತ್ತದಾ?
— ಓದುಗರು, ವಿಜಯಪುರ

ಉತ್ತರ: ಮೊದಲು ಮಷೀನಿನ ದುಡ್ಡು ಉಳಿಸಿ. 97 ಅಂದರೆ ರಕ್ತದಲ್ಲಿ ಆಕ್ಸಿಜನ್ ಚೆನ್ನಾಗಿದೆ. ಅದರ ಮೇಲೆ ಇನ್ನಷ್ಟು ತುಂಬಿಸಿದರೆ ಮರೆವು ವಾಸಿಯಾಗುವುದಿಲ್ಲ.

ಆದರೆ ನಿಮ್ಮ ಪರಿಚಯದವರ ಮಾತು ಪೂರ್ತಿ ಸುಳ್ಳೂ ಅಲ್ಲ. ಮೆದುಳು ನಮ್ಮ ತೂಕದಲ್ಲಿ ಬರೀ 2% ಇದ್ದರೂ ದೇಹ ಬಳಸುವ ಆಕ್ಸಿಜನ್‌ನಲ್ಲಿ ಸುಮಾರು 20% ಅದಕ್ಕೇ ಬೇಕು. ಬೆರಳಿನ ಮೀಟರ್ ರಕ್ತದಲ್ಲಿ ಎಷ್ಟಿದೆ ಅಂತ ಹೇಳುತ್ತದೆ, ಮೆದುಳು ಅದರಲ್ಲಿ ಎಷ್ಟು ಎತ್ತಿಕೊಂಡಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿಯಬೇಕಾದರೆ ಮೆದುಳಿನಿಂದ ವಾಪಸ್ ಬರುವ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ನೋಡಬೇಕು. ವಿಶೇಷ ಎಂಆರ್‌ಐನಲ್ಲಿ ಇದನ್ನು ಅಳೆಯುತ್ತಾರೆ, ಆದರೆ ಅದು ಸಂಶೋಧನೆಗೆ ಬಳಸುವ ವಿಧಾನ, ಊರಿನ ಸ್ಕ್ಯಾನ್ ಸೆಂಟರ್‌ನಲ್ಲಿ ಕೇಳಬೇಡಿ.

ಆಲಮಟ್ಟಿ ಕಾಲುವೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ನೀರು ಕಡಿಮೆ ಬಂದರೆ ರೈತ ಬಂದಷ್ಟನ್ನೂ ಹೊಲಕ್ಕೆ ತಿರುಗಿಸಿಕೊಳ್ಳುತ್ತಾನೆ, ಬೆಳೆಯೇ ಒಣಗಿದ್ದರೆ ನೀರು ಸುಮ್ನೆ ಮುಂದೆ ಹರಿದು ಹೋಗುತ್ತದೆ. ಬಿಪಿ, ಸಕ್ಕರೆ ಕಾಯಿಲೆಯಿಂದ ರಕ್ತನಾಳ ಕೆಟ್ಟವರಲ್ಲಿ ಮೆದುಳು ಸಿಕ್ಕ ರಕ್ತದಿಂದ ಜಾಸ್ತಿ ಆಕ್ಸಿಜನ್ ಹೀರುವುದು ಅಧ್ಯಯನಗಳಲ್ಲಿ ಕಂಡಿದೆ. ಆಲ್ಝೈಮರ್ ಅನ್ನುವ ಮರೆವಿನ ಕಾಯಿಲೆ ಶುರುವಾದವರಲ್ಲಿ ನರಕೋಶಗಳೇ ಸೋತಿರುವುದರಿಂದ ಮೆದುಳು ಹೀರುವುದೇ ಕಡಿಮೆ. ಮರೆವು ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಒಳಗಿನ ಕಥೆ ಬೇರೆ ಬೇರೆ. ವಯಸ್ಸಾದವರಲ್ಲಿ ಎರಡೂ ಸೇರಿಕೊಂಡಿರುವುದೂ ಉಂಟು. ಅಪ್ಪಾಜಿಯ ಬಿಪಿ ಗುಳಿಗೆ ನೆನಪಾದಾಗ ಅಂತ ಬರೆದಿದ್ದೀರಲ್ಲ, ನನಗೆ ಮಷೀನಿಗಿಂತ ಅದರ ಚಿಂತೆ ಜಾಸ್ತಿ. ನಾಳೆಯಿಂದ ಗುಳಿಗೆ ಡಬ್ಬಿ ನಿಮ್ಮ ಕೈಯಲ್ಲಿರಲಿ.

ಇನ್ನು ಜೀನ್ ವಿಷಯ. ಎಪಿಒಇ ಅನ್ನುವ ಜೀನ್ ಮೂರು ನಮೂನೆಯಲ್ಲಿ ಇರುತ್ತದೆ. ಅದರಲ್ಲಿ ಇ4 ಅನ್ನುವುದಕ್ಕೂ ಆಲ್ಝೈಮರ್‌ಗೂ ನಂಟಿದೆ ಅಂತ 1993ರಲ್ಲಿ ಗೊತ್ತಾಯಿತು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದಿದ್ದರೆ ಅಪಾಯ ಸುಮಾರು 2ರಿಂದ 3 ಪಟ್ಟು, ಇಬ್ಬರಿಂದಲೂ ಬಂದಿದ್ದರೆ 8ರಿಂದ 12 ಪಟ್ಟು ಎನ್ನುತ್ತಾರೆ. ಈ ಲೆಕ್ಕ ಹೆಚ್ಚಾಗಿ ಯುರೋಪ್ ಮೂಲದ ಜನರದ್ದು, ನಮಗೆ ಹಾಗೇ ಹೊಂದಬೇಕೆಂದಿಲ್ಲ. ಇ4 ಇರುವವರಲ್ಲಿ ನೆನಪು ಚೆನ್ನಾಗಿರುವ ಚಿಕ್ಕ ವಯಸ್ಸಿನಲ್ಲೇ ಮೆದುಳಿನ ಕೆಲವು ಭಾಗ ಸಕ್ಕರೆ ಬಳಸುವುದು ತುಸು ಕಡಿಮೆ ಇರುತ್ತದೆ ಅಂತ ಸ್ಕ್ಯಾನ್‌ಗಳಲ್ಲಿ ಕಂಡಿದೆ. ಹಾಗಿದ್ದರೂ ಇ4 ಇದ್ದು ಕೊನೆಯವರೆಗೂ ಚುರುಕಾಗಿರುವವರಿದ್ದಾರೆ, ಇಲ್ಲದೆಯೂ ಕಾಯಿಲೆ ಬಂದವರಿದ್ದಾರೆ. ಹಾಗಾಗಿ ಟೆಸ್ಟ್ ನಿಮಗೆ "ಬರುತ್ತದೆ" ಅಂತಲೂ ಹೇಳುವುದಿಲ್ಲ, "ಬರಲ್ಲ" ಅಂತಲೂ ಹೇಳುವುದಿಲ್ಲ. ಸುಮ್ನೆ ನಿದ್ದೆ ಕೆಡುತ್ತದೆ ಅಷ್ಟೇ. ನಾನಾಗಿದ್ದರೆ ಮಾಡಿಸುತ್ತಿರಲಿಲ್ಲ.

ಅಪ್ಪಾಜಿಗೆ ಮಾಡಿಸಬೇಕಾದ ಟೆಸ್ಟ್‌ಗಳೇ ಬೇರೆ: ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ. ರೊಟ್ಟಿ, ಪಲ್ಯ, ಬೇಳೆಯಲ್ಲೇ ಜೀವನ ಕಳೆದ ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ಮಾಮೂಲು, ಅದರಿಂದ ಬಂದ ಮರೆವು ಬೇಗ ಹಿಡಿದರೆ ಇಂಜೆಕ್ಷನ್‌ಗೆ ಸುಧಾರಿಸಬಹುದು. ಕಿವಿ ಸರಿಯಾಗಿ ಕೇಳಿಸುತ್ತದಾ ನೋಡಿಸಿ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ 2024ರ ವರದಿ ಮರೆವಿನ ಕಾಯಿಲೆಗೆ ನಾವು ತಡೆಯಬಹುದಾದ 14 ಕಾರಣ ಪಟ್ಟಿ ಮಾಡಿದೆ, ಅದರಲ್ಲಿ ಕಿವುಡೂ ಇದೆ, ಬಿಪಿಯೂ ಇದೆ, ಒಂಟಿತನವೂ ಇದೆ. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ನಿಲ್ಲುತ್ತದಾ ಅಂತ ಅವ್ವನನ್ನು ಕೇಳಿ. ಹಾಗಿದ್ದರೆ ಹಗಲು 97 ಇದ್ದರೂ ರಾತ್ರಿ ಆಕ್ಸಿಜನ್ ಇಳಿಯುತ್ತಿರಬಹುದು, ಅದಕ್ಕೆ ಚಿಕಿತ್ಸೆಯೇ ಬೇರೆ.

ದಾರಿ ತಪ್ಪಿದ್ದನ್ನು ಮಾತ್ರ "ವಯಸ್ಸಾಯಿತಲ್ವಾ" ಅಂತ ಬಿಡಬೇಡಿ, ಈ ತಿಂಗಳಲ್ಲೇ ನರರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ವಾಕಿಂಗ್ ನಿಲ್ಲಿಸಬೇಡಿ, ಜೊತೆಗೆ ಯಾರಾದರೂ ಹೋಗಲಿ, ಜೇಬಿನಲ್ಲಿ ನಿಮ್ಮ ನಂಬರ್ ಬರೆದ ಚೀಟಿ ಇಡಿ. ಡಾಕ್ಟರ್ ಹತ್ತಿರ ಹೋಗುವಾಗ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ, ಮೆಡಿಕಲ್ ಶಾಪ್‌ನಿಂದ ನೀವೇ ತಂದ ನಿದ್ದೆ ಗುಳಿಗೆ, ನೆಗಡಿ ಗುಳಿಗೆ ಸಹಿತ. ವಯಸ್ಸಾದವರಲ್ಲಿ ಅವುಗಳಿಂದಲೂ ಮರೆವು, ಗೊಂದಲ ಹೆಚ್ಚಾಗುತ್ತದೆ.