ಹಳದಿ ಬಲ್ಬು, ನೀಲಿ ಮುಖ

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಕಡೆ. ಮದುವೆ ಫೋಟೋ ತೆಗೆಯುತ್ತೇನೆ. ಮೊನ್ನೆ ಒಂದು ತೊಟ್ಟಿ ಮನೆಯಲ್ಲಿ ರಾತ್ರಿ ಅರಿಶಿನ ಶಾಸ್ತ್ರ ಇತ್ತು. ಫ್ಲ್ಯಾಶ್ ಬಿದ್ದ ಮುಖ ಸರಿಯಿದೆ, ಹಿಂದೆ ಕೂತವರೆಲ್ಲ ಕೇಸರಿ. ಕಂಪ್ಯೂಟರ್‌ನಲ್ಲಿ ಕೇಸರಿ ತೆಗೆದರೆ ಮದುಮಗಳ ಮುಖ ನೀಲಿ! ರಾ ಫೈಲ್ (ಕ್ಯಾಮೆರಾ ಕಂಡದ್ದನ್ನು ತಿದ್ದದೆ ಹಾಗೇ ಉಳಿಸಿದ ಫೈಲ್) ಇದ್ದರೂ ಹೀಗೇಕೆ?

ಉತ್ತರ: ರಾ ಇದ್ದರೆ ಆಮೇಲೆ ಎಲ್ಲ ಸರಿಮಾಡಬಹುದು ಅಂತ ನಿಮಗೆ ಯಾರೋ ಹೇಳಿರಬೇಕು. ಆದರೆ ವೈಟ್ ಬ್ಯಾಲೆನ್ಸ್, ಅಂದರೆ ಯಾವ ಬೆಳಕನ್ನು ಬಿಳಿ ಅಂತ ಎಣಿಸಬೇಕು ಅನ್ನುವ ಸೆಟ್ಟಿಂಗ್, ಬದಲಿಸಿದರೆ ಇಡೀ ಫೋಟೋ ಬದಲಾಗುತ್ತೆ. ನಿಮ್ಮಲ್ಲಿರುವುದು ಎರಡು ಬಣ್ಣದ ಬೆಳಕು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ. ಫ್ಲ್ಯಾಶ್ ಸುಮಾರು 5500 ಕೆಲ್ವಿನ್, ಮಧ್ಯಾಹ್ನದ ಬಿಸಿಲಿನ ಹಾಗೆ. ಹಳದಿ ಬಲ್ಬು 2700ರಿಂದ 3000. ಮುಖ ಬೇರೆ, ಹಿನ್ನೆಲೆ ಬೇರೆ ಅಂತ ಒಂದೊಂದೇ ಫೋಟೋ ತಿದ್ದುತ್ತಾ ಕೂತರೆ ಆಲ್ಬಂ ಕೊಡುವುದು ನಾಮಕರಣಕ್ಕೇ.

ಅದರ ಬದಲು ಫ್ಲ್ಯಾಶನ್ನೇ ಬಲ್ಬಿನ ಬಣ್ಣಕ್ಕೆ ತನ್ನಿ. ಸಿಟಿಒ ಅನ್ನುವ ಕಿತ್ತಳೆ ಜೆಲ್, ಅಂದರೆ ಫ್ಲ್ಯಾಶಿನ ಮುಂದೆ ಹಾಕುವ ಬಣ್ಣದ ಪಾರದರ್ಶಕ ಹಾಳೆ, ಸಿಗುತ್ತೆ. ಫುಲ್, ಹಾಫ್, ಕ್ವಾರ್ಟರ್ ಅಂತ ಇವೆ. ನಿಮ್ಮ ಕೆಲಸಕ್ಕೆ ಫುಲ್ ಬೇಕು, ಅದು ಫ್ಲ್ಯಾಶನ್ನು 3200ರ ಆಸುಪಾಸಿಗೆ ಇಳಿಸುತ್ತೆ. ಆಮೇಲೆ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನೂ ಅಲ್ಲಿಗೇ ತನ್ನಿ. ಇದನ್ನು ಮರೆತು ಡೇಲೈಟ್‌ನಲ್ಲೇ ಬಿಟ್ಟರೆ ಮದುಮಗಳೂ ಕೇಸರಿ. ನಾನಂತೂ ಅರಿಶಿನ ಶಾಸ್ತ್ರಕ್ಕೆ 3600 ಇಡುತ್ತೇನೆ. ಬಲ್ಬಿನ ಬಿಸುಪು ಸ್ವಲ್ಪ ಉಳಿಯಲಿ, ಅದನ್ನೂ ತೊಳೆದುಬಿಟ್ಟರೆ ಶಾಸ್ತ್ರದ ಮನೆ ಆಸ್ಪತ್ರೆ ವಾರ್ಡ್ ಥರ ಕಾಣುತ್ತೆ. ಜೆಲ್ ಹೆಚ್ಚುಕಮ್ಮಿ ಮುಕ್ಕಾಲು ಸ್ಟಾಪ್ ಬೆಳಕು ತಿನ್ನುತ್ತೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಫ್ಲ್ಯಾಶಿನ ಬೆಳಕನ್ನು ಕ್ಯಾಮೆರಾವೇ ಅಳೆದು ನಿರ್ಧರಿಸುವ ಟಿಟಿಎಲ್ ಆದರೆ ಅದೇ ಸರಿಮಾಡಿಕೊಳ್ಳುತ್ತೆ, ಮ್ಯಾನುಯಲ್ ಆದರೆ ನೀವೇ ಏರಿಸಬೇಕು.

ಶುರು ಮಾಡುವ ಮೊದಲು ತಲೆಯೆತ್ತಿ ಬಲ್ಬು ನೋಡಿ. ಈಗ ಒಂದೇ ಹಜಾರದಲ್ಲಿ ಹಳದಿ ಎಲ್‌ಇಡಿಯೂ ಇರುತ್ತೆ, 6500ರ ಬಿಳಿ ಎಲ್‌ಇಡಿಯೂ ಇರುತ್ತೆ. ಬಿಳಿ ಬಲ್ಬು ಉರಿಯುವಾಗ ಫ್ಲ್ಯಾಶಿಗೆ ಸಿಟಿಒ ಹಾಕಿದರೆ ಕಥೆ ಉಲ್ಟಾ, ಹಿನ್ನೆಲೆ ನೀಲಿ. ಮನೆಯವರನ್ನು ಕೇಳಿ ಒಂದು ಬಗೆಯ ಬಲ್ಬುಗಳನ್ನು ಆಫ್ ಮಾಡಿಬಿಡಿ, ಯಾರೂ ಬೇಡ ಅನ್ನಲ್ಲ. ಫ್ಲ್ಯಾಶ್ ಇಲ್ಲದೆ ಒಂದು, ಜೆಲ್ ಹಾಕಿ ಒಂದು ಫೋಟೋ ತೆಗೆದು, ಮಾವನವರ ಬಿಳಿ ಪಂಚೆ ಎರಡರಲ್ಲೂ ಒಂದೇ ಥರ ಇದೆಯಾ ನೋಡಿ. ಇನ್ನೊಂದು ಮಾತು: ತೊಟ್ಟಿ ಮನೆಯ ಮರದ ಮುಚ್ಚಿಗೆಗೆ ಫ್ಲ್ಯಾಶ್ ಬೌನ್ಸ್ ಮಾಡಬೇಡಿ. ಆ ಕಪ್ಪು ಮರ ಬೆಳಕನ್ನೂ ನುಂಗುತ್ತೆ, ಉಳಿದದ್ದಕ್ಕೆ ತನ್ನ ಕಂದು ಬಣ್ಣವನ್ನೂ ಹಚ್ಚುತ್ತೆ. ಸುಣ್ಣದ ಗೋಡೆ ಇದ್ದರೆ ಆ ಕಡೆ ತಿರುಗಿಸಿ.

ಪ್ರಶ್ನೆ: ಜೆಲ್ ಬದಲು ಅಂಗಡಿಯ ಬಣ್ಣದ ಜಿಲೇಟಿನ್ ಪೇಪರ್ ಸಾಕಾ? — ಹಾಸನದ ಓದುಗರು

ಉತ್ತರ: ಗಣಪತಿ ಪೆಂಡಾಲಿಗೆ ಸಾಕು. ಮುಖದ ಬಣ್ಣಕ್ಕೆ ಬೇಡ. ಅದು ಎಷ್ಟು ಕೆಲ್ವಿನ್ ಇಳಿಸುತ್ತೆ ಅಂತ ಅಂಗಡಿಯವರಿಗೂ ಗೊತ್ತಿರಲ್ಲ. ಫುಲ್ ಪವರ್‌ನಲ್ಲಿ ಪಟಪಟ ಹೊಡೆದರೆ ಮುದುರಿಕೊಳ್ಳಲೂಬಹುದು. ಸಿಟಿಒ ಹಾಳೆ ಕೊಂಡರೆ ಕತ್ತರಿಸಿ, ವೆಲ್ಕ್ರೋ ಅಂಟಿಸಿ, ಎಷ್ಟೋ ಮದುವೆ ಮುಗಿಸಬಹುದು. ಹೊರಗಡೆ ಸಂಜೆ ಹೊತ್ತಲ್ಲೂ ಅದನ್ನೇ ಹಾಕಿ ನೋಡಿ. ಫುಲ್ ಸಿಟಿಒ, ವೈಟ್ ಬ್ಯಾಲೆನ್ಸ್ 3200. ಮುಖ ಸಹಜವಾಗಿರುತ್ತೆ, ಹಿಂದಿನ ಬಾನು ಕಡುನೀಲಿಯಾಗುತ್ತೆ. ಶೆಟ್ಟಿಹಳ್ಳಿ ಚರ್ಚಿನ ಹತ್ತಿರ ಪ್ರೀ ವೆಡ್ಡಿಂಗ್ ಮಾಡುವವರು ಸೂರ್ಯ ಮುಳುಗಿದ ಕೂಡಲೇ ಬ್ಯಾಗ್ ಕಟ್ಟಬೇಡಿ, ಇದಕ್ಕೆ ಅದೇ ಸರಿಯಾದ ಹೊತ್ತು.