ಯುಪಿಎಸ್‌ಗೆ ಕಾರಿನ ಬ್ಯಾಟರಿ ಜೋಡಿಸಬಹುದೇ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿಯ ಹತ್ತಿರ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ನಾಲ್ಕು ಗಂಟೆ ಕರೆಂಟ್ ಇರುವುದಿಲ್ಲ. ಮಗಳು ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾಳೆ. 600 ವಿಎ ಯುಪಿಎಸ್‌ನ ಒಳಗಿರುವ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ತೆಗೆದು, ವೈರ್ ಹೊರಕ್ಕೆಳೆದು ಕಾರಿನ ದೊಡ್ಡ ಬ್ಯಾಟರಿ ಜೋಡಿಸಬಹುದೇ? ಕಂಪ್ಯೂಟರ್, ಮಾನಿಟರ್ ಸೇರಿ 120 ವಾಟ್ ಆಗುತ್ತದೆ.

ಉತ್ತರ: ಜೋಡಿಸಿದರೆ ನಡೆಯುತ್ತದೆ, ಮೊದಲ ದಿನ. ತೊಂದರೆ ಆಮೇಲಿನದು.

ಲೆಕ್ಕ ನೋಡಿ. 120 ವಾಟ್ ಕೊಡಲು ಯುಪಿಎಸ್ 12 ವೋಲ್ಟ್ ಬ್ಯಾಟರಿಯಿಂದ ಹನ್ನೆರಡು ಹದಿಮೂರು ಆಂಪಿಯರ್ ಎಳೆಯುತ್ತದೆ. ನಾಲ್ಕು ಗಂಟೆಗೆ 50 ಎಎಚ್ ಖಾಲಿ. ಅದನ್ನು ಮತ್ತೆ ತುಂಬಿಸಬೇಕಾದ ಒಳಗಿನ ಚಾರ್ಜರ್ ಸಣ್ಣ ಬ್ಯಾಟರಿಗೆಂದೇ ಮಾಡಿದ್ದು. ಹೆಚ್ಚೆಂದರೆ ಒಂದು ಆಂಪಿಯರ್ ಕೊಡುತ್ತದೆ. ಎಂದರೆ ಕನಿಷ್ಠ ಎರಡು ಹಗಲು, ಎರಡು ರಾತ್ರಿ ಎಡೆಬಿಡದೆ ಕರೆಂಟ್ ಇರಬೇಕು. ಆಷಾಢದಲ್ಲಿ ನಿಮ್ಮ ಕಡೆ ಅದು ಸಾಧ್ಯವೇ? ಅರೆಹೊಟ್ಟೆಯಲ್ಲೇ ಉಳಿದ ಬ್ಯಾಟರಿಯ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟಿಕೊಂಡು ಒಂದೇ ಮಳೆಗಾಲಕ್ಕೆ ಅದು ಸಾಯುತ್ತದೆ. ಕಾರಿನ ಬ್ಯಾಟರಿಯಾದರೆ ಇನ್ನೂ ಬೇಗ. ಎಂಜಿನ್ ಎಬ್ಬಿಸಲು ಕೆಲವು ಸೆಕೆಂಡು ಜೋರಾಗಿ ಕರೆಂಟ್ ಕೊಡುವುದಷ್ಟೇ ಅದರ ಕಸುಬು, ಗಂಟೆಗಟ್ಟಲೆ ಖಾಲಿಯಾಗುವುದನ್ನು ಅದು ತಾಳುವುದಿಲ್ಲ.

ಇನ್ನು ಬಿಸಿ. ಹೀಗೆ ಮಾರ್ಪಡಿಸಿದ ಯುಪಿಎಸ್ ಒಂದನ್ನು ಒಬ್ಬರು ನನ್ನ ಅಂಗಡಿಗೆ ತಂದಿದ್ದರು. ಮುಚ್ಚಳ ತೆಗೆದಾಗ ಟ್ರಾನ್ಸ್‌ಫಾರ್ಮರಿನ ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕರೆಂಟನ್ನು ಸ್ವಿಚ್ ಮಾಡುವ ಮಾಸ್ಫೆಟ್‌ಗಳ ಕೆಳಗೆ ಬೋರ್ಡ್ ಕಾಫಿ ಬಣ್ಣಕ್ಕೆ ತಿರುಗಿತ್ತು, ಬೆಸುಗೆ ಬಿರುಕು ಬಿಟ್ಟಿತ್ತು. ಹತ್ತಿಪ್ಪತ್ತು ನಿಮಿಷದ ದುಡಿಮೆಗೆಂದು ಇಟ್ಟ ಬೆರಳುದ್ದದ ಹೀಟ್‌ಸಿಂಕ್ ನಾಲ್ಕು ಗಂಟೆಯ ಬಿಸಿಯನ್ನು ಎಲ್ಲಿ ಹೊರಹಾಕೀತು? ಪಕ್ಕದಲ್ಲಿ ಮಕ್ಕಳ ಪುಸ್ತಕದ ಕಪಾಟು ಇತ್ತೆಂದು ಅವರು ಹೇಳಿದಾಗ ನನಗೆ ನಿಜಕ್ಕೂ ಭಯವಾಯಿತು.

ಕೆಲವು ಯುಪಿಎಸ್‌ಗಳಲ್ಲಿ ಬ್ಯಾಟರಿಯ ಕಡೆಗೂ 230 ವೋಲ್ಟ್ ಲೈನಿಗೂ ನಡುವೆ ಕರೆಂಟ್ ದಾಟದಂತೆ ತಡೆಯುವ ಪ್ರತ್ಯೇಕತೆಯೇ ಇರುವುದಿಲ್ಲ. ಅಂಥದ್ದರಲ್ಲಿ ಹೊರಗೆಳೆದ ವೈರ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ. 12 ವೋಲ್ಟ್ ತಾನೇ ಎಂಬ ಧೈರ್ಯ ಇಲ್ಲಿ ಬೇಡ. ಬಲ್ಲ ಮೆಕ್ಯಾನಿಕ್ ಪರೀಕ್ಷಿಸದೆ ಮುಚ್ಚಳ ತೆಗೆಯಲೇಬೇಡಿ.

ಮೆಕ್ಯಾನಿಕ್ ಒಪ್ಪಿದರೂ 12 ವೋಲ್ಟಿನ 26 ಎಎಚ್ ಸೀಲ್ಡ್ ಬ್ಯಾಟರಿಗಿಂತ ದೊಡ್ಡದು ಬೇಡ. ವೈರ್ 6 ಚದರ ಮಿಲಿಮೀಟರಿನ ತಾಮ್ರದ್ದಿರಲಿ, ಒಂದು ಮೀಟರ್ ದಾಟದಿರಲಿ. 30 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ಪಾಸಿಟಿವ್ ತುದಿಗೆ ಅಂಟಿದಂತೆಯೇ ಹಾಕಿಸಿ, ಯುಪಿಎಸ್ ಕಡೆಗಲ್ಲ; ಶಾರ್ಟ್ ಆದರೆ ಕಾಯುವುದು ಆ ಜಾಗದ ಫ್ಯೂಸ್ ಮಾತ್ರ. ಒಂದು ಫ್ಯಾನನ್ನೂ ಕೂರಿಸಿ. ಇಷ್ಟೆಲ್ಲ ಮಾಡಿದರೂ ನಿಮಗೆ ಸಿಗುವುದು ಒಂದೂವರೆ ಗಂಟೆ.

ನಾಲ್ಕು ಗಂಟೆ ಬೇಕೆಂದರೆ ಹತ್ತು ಆಂಪಿಯರಿಗಿಂತ ಹೆಚ್ಚು ಚಾರ್ಜ್ ಮಾಡುವ ಸೈನ್ ವೇವ್ ಇನ್ವರ್ಟರ್ (ಲೈನಿನ ಕರೆಂಟಿನಂಥದ್ದನ್ನೇ ಕೊಡುವಂಥದ್ದು), ಗಂಟೆಗಟ್ಟಲೆ ಖಾಲಿಯಾಗುವುದನ್ನು ತಾಳುವ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಕೊಳ್ಳಿ. ಸಂಜೆ ಖಾಲಿಯಾದದ್ದನ್ನು ಅದು ಒಂದು ರಾತ್ರಿಯಲ್ಲಿ ತುಂಬಿಸುತ್ತದೆ. ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು ‘ಯುಪಿಎಸ್’ ಎಂದು ಬರೆದ ಕಡೆಗೆ ಇಟ್ಟರೆ ಕಂಪ್ಯೂಟರ್ ಆರುವುದಿಲ್ಲ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಮಲಗುವ ಕೋಣೆಯಲ್ಲಿ ಬೇಡ, ಗಾಳಿಯಾಡುವ ಜಗುಲಿಯಲ್ಲಿಡಿ. ಮಗಳ ಇಂಟರ್ನೆಟ್ ಮೋಡೆಮ್ಮಿನ ಪ್ಲಗ್ಗನ್ನೂ ಅದೇ ಇನ್ವರ್ಟರ್ ಲೈನಿಗೆ ಸೇರಿಸಲು ಮರೆಯಬೇಡಿ.